ದುರಸ್ತಿಯೋ, ಮಾರ್ಪಾಡೋ? ಹಳೆಯ ಮೋಟಾರ್ ಸೈಕಲ್ಲಿನ ಎರಡು ಖಾತೆಗಳು

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ವ್ಯಾಪಾರಕ್ಕೂ ಮೋಟಾರ್ ಸೈಕಲ್ಲಿಗೂ ಇರುವ ನಂಟು ಹಳೆಯದು. ಬೀಜೋತ್ಪಾದನೆಯ ತಾಕುಗಳನ್ನು ನೋಡಿಬರುವ ಮೇಲ್ವಿಚಾರಕರು, ಹಳ್ಳಿ ಹಳ್ಳಿಗೆ ಹೋಗಿ ಹತ್ತಿಯ ಮಾದರಿ ತರುವ ದಲಾಲರು, ಸೋಮವಾರ ಮತ್ತು ಗುರುವಾರಗಳಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಧಾವಿಸುವ ವರ್ತಕರು, ವಸೂಲಿಗೆ ತಿರುಗುವ ಗುಮಾಸ್ತರು ಇವರೆಲ್ಲರಿಗೂ ಕಾರು ಎಟುಕದ ದಿನಗಳಲ್ಲಿ ದೂರದ ಪ್ರಯಾಣಕ್ಕೆ ಒದಗಿದ್ದು ಜಾವಾ, ಯೆಜ್ಡಿ, ಬುಲೆಟ್‌ಗಳಂತಹ ಗಟ್ಟಿಮುಟ್ಟಾದ ವಾಹನಗಳೇ. ಅವುಗಳಲ್ಲಿ ಕೆಲವು ಇಂದಿಗೂ ಮನೆಯ ಪಡಸಾಲೆಯಲ್ಲೋ, ಗೋದಾಮಿನ ಮೂಲೆಯಲ್ಲೋ ಉಳಿದಿವೆ. ತಂದೆಯ ವಾಹನವನ್ನು ಮಗ ಹೊರತೆಗೆದು, ಭಾನುವಾರದ ಬಿಡುವಿನಲ್ಲಿ ಸ್ವತಃ ಬಿಚ್ಚಿ, ಜೋಡಿಸಿ, ಶಿರಸಿಯ ಘಟ್ಟದವರೆಗೂ ಓಡಿಸಿಕೊಂಡು ಬರುವ ಹವ್ಯಾಸ ಇತ್ತೀಚಿನ ವರ್ಷಗಳಲ್ಲಿ ಚಿಕ್ಕ ಪಟ್ಟಣಗಳಿಗೂ ಹಬ್ಬಿದೆ.

ಈ ಹವ್ಯಾಸದ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಹಳೆಯ ಗಾಡಿಗೆ ಹಣ ಸುರಿಯುವುದು ಹುಚ್ಚು ಎಂಬುದು ಒಂದು. ಸ್ವಂತ ಗಾಡಿಗೆ ಮಾಲೀಕನು ಏನು ಬೇಕಾದರೂ ಮಾಡಿಕೊಳ್ಳಬಹುದು ಎಂಬುದು ಇನ್ನೊಂದು. ಎರಡೂ ಪೂರ್ಣ ಸತ್ಯವಲ್ಲ. ದುರಸ್ತಿ ಮತ್ತು ಮಾರ್ಪಾಡು ಎಂಬ ಎರಡು ಕ್ರಿಯೆಗಳನ್ನು ಒಂದೇ ಖಾತೆಯಲ್ಲಿ ಬರೆಯುವುದರಿಂದಲೇ ಈ ಗೊಂದಲ ಹುಟ್ಟಿದೆ. ಖಾತೆಗಳನ್ನು ಬೇರ್ಪಡಿಸಿದರೆ ಹಣದ ಲೆಕ್ಕ, ಕಾನೂನಿನ ಲೆಕ್ಕ ಹಾಗೂ ಪ್ರಾಣದ ಲೆಕ್ಕ ಮೂರೂ ಸರಿಹೊಂದುತ್ತವೆ.

ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲೆ

ಕರ್ನಾಟಕದ ಮಟ್ಟಿಗೆ ಈ ವಿಷಯದ ಅತ್ಯುತ್ತಮ ಉದಾಹರಣೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1960ರ ದಶಕದ ಆರಂಭದಲ್ಲಿ ಉತ್ಪಾದನೆಗೆ ತೊಡಗಿದ ಈ ಕಾರ್ಖಾನೆಯು 1970ರ ದಶಕದಲ್ಲಿ ಯೆಜ್ಡಿ ಎಂಬ ತನ್ನದೇ ಹೆಸರಿನಲ್ಲಿ ವಾಹನಗಳನ್ನು ಮಾರಿತು. ದೂರ ಪ್ರಯಾಣಕ್ಕೆ ಹೆಸರಾದ ರೋಡ್‌ಕಿಂಗ್ ಮಾದರಿ ಹೊರಬಂದದ್ದು ಆ ದಶಕದ ಕೊನೆಯಲ್ಲಿ. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್ ಇವು ಅದರ ಗುರುತುಗಳು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು.

ಕಾರ್ಖಾನೆ ಮುಚ್ಚಿದಾಗ ಕಾರ್ಮಿಕರು ಮಾತ್ರವಲ್ಲದೆ ರಸ್ತೆಯ ಮೇಲಿದ್ದ ಅಸಂಖ್ಯ ವಾಹನಗಳೂ ಅನಾಥವಾದವು. ಬಿಡಿಭಾಗಗಳ ಅಧಿಕೃತ ಪೂರೈಕೆ ನಿಂತಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದರೂ, ಆ ಹೊಸ ವಾಹನಗಳು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್ನಿನವು. ಹೊಸದರ ಪಿಸ್ಟನ್ನಾಗಲಿ, ಕ್ಲಚ್ ಪ್ಲೇಟಾಗಲಿ ಹಳೆಯದಕ್ಕೆ ಹೊಂದುವುದಿಲ್ಲ. ಹೆಸರು ಉಳಿದರೂ ಬಿಡಿಭಾಗ ಬರಲಿಲ್ಲ.

ಆದರೂ ಹಳೆಯ ವಾಹನಗಳು ನಿಲ್ಲಲಿಲ್ಲ. ಇದಕ್ಕೆ ಕಾರಣ ಊರೂರಿನ ಗ್ಯಾರೇಜುಗಳು, ಲೇತ್ ಅಂಗಡಿಗಳು ಮತ್ತು ಸ್ವತಃ ಸ್ಪ್ಯಾನರ್ ಹಿಡಿದ ಮಾಲೀಕರು. ರಾಣೆಬೆನ್ನೂರಿನ ಸುತ್ತಮುತ್ತ ಇದಕ್ಕೊಂದು ವಿಶೇಷ ಅನುಕೂಲವಿತ್ತು. ತುಂಗಭದ್ರೆಯ ಆಚೆ ದಡದ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳ ತಯಾರಿಕೆಗೆ ದೇಶದಲ್ಲೇ ಹೆಸರಾಗಿತ್ತು. ಆ ಕಾರ್ಖಾನೆ ಇಂದು ಇಲ್ಲ. ಆದರೆ ಅಂತಹ ಕಾರ್ಖಾನೆಯ ನೆರೆಯಲ್ಲಿ ಕೂದಲೆಳೆಯಷ್ಟು ಅಳತೆಯನ್ನೂ ಗೌರವಿಸುವ ಕೆಲಸಗಾರಿಕೆ ಬೆಳೆಯುವುದು ಸಹಜ. ಸಿಗದ ಬುಷ್ಷನ್ನು ಕಡೆದುಕೊಡುವ, ಸವೆದ ಶಾಫ್ಟನ್ನು ತುಂಬಿಸಿ ಮತ್ತೆ ಅಳತೆಗೆ ತರುವ ಕೈಗಳಿಗೆ ಬೆಲೆ ಕಟ್ಟುವುದು ಕಷ್ಟ.

ಎರಡು ಖಾತೆಗಳು

ವ್ಯಾಪಾರಸ್ಥರಿಗೆ ಬಂಡವಾಳ ವೆಚ್ಚ ಮತ್ತು ಚಾಲ್ತಿ ವೆಚ್ಚಗಳ ಅಂತರ ಹೊಸದಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಮು ಯಂತ್ರೋಪಕರಣಗಳ 'ಚಾಲ್ತಿ ದುರಸ್ತಿ'ಯ ಖರ್ಚನ್ನು ಆಯಾ ವರ್ಷದ ವೆಚ್ಚವಾಗಿ ಒಪ್ಪಿತು. 2025ರ ಹೊಸ ಕಾಯ್ದೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಚಾಲ್ತಿ ದುರಸ್ತಿ ಎಂದರೇನು ಎಂಬ ಪ್ರಶ್ನೆ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಇರುವ ಆಸ್ತಿಯನ್ನು ಕಾಯ್ದುಕೊಳ್ಳಲು ಮಾಡುವ ಖರ್ಚು ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನು ಹುಟ್ಟಿಸುವ ಖರ್ಚು ಅದಲ್ಲ ಎಂಬುದು ಅಲ್ಲಿ ಎತ್ತಿಹಿಡಿದ ತತ್ತ್ವ. ಹತ್ತಿ ಗಿರಣಿಯ ಯಂತ್ರಕ್ಕೆ ಹೇಳಿದ ಈ ಮಾತು ಮೋಟಾರ್ ಸೈಕಲ್ಲಿಗೂ ಅಕ್ಷರಶಃ ಒಪ್ಪುತ್ತದೆ.

ಹರಿದ ಕ್ಲಚ್ ಕೇಬಲ್ ಬದಲಿಸುವುದು, ಕಾಂಟ್ಯಾಕ್ಟ್ ಪಾಯಿಂಟಿನ ಅಂತರ ಸರಿಪಡಿಸುವುದು, ಕಾರ್ಬುರೇಟರ್ ತೊಳೆಯುವುದು, ಚಕ್ರದ ಬೇರಿಂಗ್ ಹಾಕುವುದು ಇವೆಲ್ಲ ದುರಸ್ತಿ. ಇವುಗಳಿಂದ ವಾಹನವು ತಾನು ಇದ್ದಂತೆಯೇ ಮುಂದುವರಿಯುತ್ತದೆ. ಚಾಸಿಯ ಹಿಂಭಾಗ ಕತ್ತರಿಸಿ ಒಂಟಿ ಸೀಟು ಕೂಡಿಸುವುದು, ಬೇರೊಂದು ವಾಹನದ ಮುಂಭಾಗದ ಫೋರ್ಕ್ ತಂದು ಜೋಡಿಸುವುದು, ಸೈಲೆನ್ಸರಿನ ಒಳಕೊಳವೆ ಕಿತ್ತು ಸದ್ದು ಹೆಚ್ಚಿಸುವುದು ಮಾರ್ಪಾಡು. ಇವು ಹೊಸದೊಂದು ವಾಹನವನ್ನೇ ಹುಟ್ಟಿಸುತ್ತವೆ. ಆ ಹೊಸ ವಾಹನದ ಬಲಾಬಲವನ್ನು ಯಾವ ಎಂಜಿನಿಯರನೂ ಪರೀಕ್ಷಿಸಿಲ್ಲ, ಯಾವ ಪ್ರಯೋಗಾಲಯವೂ ಪ್ರಮಾಣಪತ್ರ ಕೊಟ್ಟಿಲ್ಲ ಎಂಬುದನ್ನು ಮರೆಯಬಾರದು.

ಹಣದ ದೃಷ್ಟಿಯಿಂದಲೂ ಈ ಅಂತರ ಮುಖ್ಯ. ಉದಾಹರಣೆಗೆ, ಮಾಲೀಕನೊಬ್ಬನು ಹಳೆಯ ವಾಹನಕ್ಕೆ 45,000 ರೂಪಾಯಿ ಖರ್ಚು ಮಾಡಿದನೆಂದು ಭಾವಿಸೋಣ. ಅದರಲ್ಲಿ 30,000 ರೂಪಾಯಿ ಎಂಜಿನ್, ಚಕ್ರ, ಬ್ರೇಕುಗಳನ್ನು ಮೂಲಸ್ಥಿತಿಗೆ ತರಲು, 15,000 ರೂಪಾಯಿ ಅಲಂಕಾರ ಮತ್ತು ಮಾರ್ಪಾಡಿಗೆ. ನಾಳೆ ಮಾರಲು ಹೊರಟಾಗ ಅರಿತ ಗಿರಾಕಿಯು ಮೊದಲನೆಯ ಮೊತ್ತಕ್ಕೆ ಬೆಲೆ ಕೊಟ್ಟಾನು. ಎರಡನೆಯದನ್ನು ಕಿತ್ತು ಹಾಕಲು ತಗಲುವ ಖರ್ಚನ್ನು ಬೆಲೆಯಲ್ಲಿ ಕಳೆದಾನು. ಹೀಗೆ ಆಸ್ತಿಯೆಂದು ಬರೆದುಕೊಂಡ ಮೊತ್ತ ವಾಸ್ತವದಲ್ಲಿ ಹೊಣೆಯಾಗಿರುತ್ತದೆ.

ಸಿಲಿಂಡರಿನ ಗೋಡೆಯೆಂಬ ಠೇವಣಿ

ಎಲ್ಲ ಕೆಲಸಗಳೂ ಇಷ್ಟು ಸುಲಭವಾಗಿ ಎರಡು ಪಾಲಾಗುವುದಿಲ್ಲ. ಎಂಜಿನ್ ಬೋರಿಂಗ್ ಅಂತಹ ಒಂದು ಕೆಲಸ. ಹಳೆಯ 250 ಸಿಸಿ ಜಾವಾದ ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 249 ಘನ ಸೆಂಟಿಮೀಟರ್ ಬರುತ್ತದೆ. ಗೋಡೆ ಸವೆದಾಗ ಅದನ್ನು ಸಮವಾಗಿ ಕೊರೆದು ತುಸು ದೊಡ್ಡ ಪಿಸ್ಟನ್ ಹಾಕುವುದು ರೂಢಿ. ಹೀಗೆ ಹಂತ ಹಂತವಾಗಿ ಒಂದು ಮಿಲಿಮೀಟರ್ ಹಿಗ್ಗಿದರೆ ಗಾತ್ರ ಸುಮಾರು 257ಕ್ಕೆ ಏರುತ್ತದೆ. ಇದು ಮಾರ್ಪಾಡೇ? ಅಲ್ಲ. ಸವೆತವನ್ನು ಸರಿಪಡಿಸುವುದೇ ಇಲ್ಲಿನ ಉದ್ದೇಶ. ಗಾತ್ರದ ಏರಿಕೆ ಅದರ ಪರಿಣಾಮ ಮಾತ್ರ. ಅದೇ ಕೆಲಸವನ್ನು ಸವೆಯದ ಸಿಲಿಂಡರಿಗೆ ವೇಗದ ಆಸೆಯಿಂದ ಮಾಡಿದರೆ ಅದು ಮಾರ್ಪಾಡು. ಕೆಲಸ ಒಂದೇ ಆದರೂ ಖಾತೆ ಬೇರೆ.

ಇದರಲ್ಲಿ ಇನ್ನೊಂದು ಪಾಠವಿದೆ. ಸಿಲಿಂಡರಿನ ಗೋಡೆ ಒಂದು ಠೇವಣಿಯಿದ್ದಂತೆ. ಪ್ರತಿ ಬೋರಿಂಗಿನಲ್ಲಿ ಅದರ ಅಸಲಿನಿಂದಲೇ ಹಣ ತೆಗೆಯಲಾಗುತ್ತದೆ, ಬಡ್ಡಿಯಿಂದಲ್ಲ. ಕೊನೆಗೆ ಹೊಸ ಸ್ಲೀವ್ ಹೊಡೆಸದೆ ಗತಿಯಿರುವುದಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಲು ಒಮ್ಮೆ ಮರೆತರೆ, ಏರ್ ಫಿಲ್ಟರ್ ಇಲ್ಲದೆ ಹತ್ತಿಯ ಜಿನ್ನಿನ ಧೂಳಿನಲ್ಲಿ ಓಡಿಸಿದರೆ ಈ ಠೇವಣಿ ಅವಧಿಗೆ ಮುನ್ನವೇ ಕರಗುತ್ತದೆ. ಆದ್ದರಿಂದ ಅಗ್ಗದ ಫಿಲ್ಟರನ್ನು ಕಾಲಕಾಲಕ್ಕೆ ಶುಚಿಗೊಳಿಸುವ ಮಾಲೀಕನು ನಿಜವಾದ ಅರ್ಥದಲ್ಲಿ ಉಳಿತಾಯಗಾರ.

ಸ್ವಂತ ಕೈಯ ಮಿತಿ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ತನ್ನ ವಾಹನವನ್ನು ತಾನೇ ಬಿಚ್ಚಿ ನೋಡಿದವನಿಗೆ ಅದರ ಸದ್ದಿನ ಅರ್ಥ ತಿಳಿಯುತ್ತದೆ. ದಾರಿಯ ನಡುವೆ ನಿಂತರೆ ಪ್ಲಗ್ ಕಳಚಿ ಒರೆಸಿ ಮುಂದೆ ಸಾಗುವ ಧೈರ್ಯ ಬರುತ್ತದೆ. ಬೇಡದ ಕೆಲಸಕ್ಕೆ ಬಿಲ್ಲು ತೆರುವ ಪ್ರಸಂಗವೂ ತಪ್ಪುತ್ತದೆ. ಆದರೆ ಎಲ್ಲಿ ಕೈ ಹಿಂತೆಗೆಯಬೇಕೆಂಬುದನ್ನು ಅರಿತಿರುವುದೂ ಜಾಣತನವೇ.

ಎಣ್ಣೆ, ಪ್ಲಗ್, ಕೇಬಲ್, ಚೈನ್, ಬಲ್ಬು, ಫ್ಯೂಸ್, ಕಾರ್ಬುರೇಟರಿನ ಶುಚಿಕಾರ್ಯ ಇವು ಮಾಲೀಕನ ಪಾಲಿನವು. ಕ್ರ್ಯಾಂಕ್ ಶಾಫ್ಟ್ ಒತ್ತುವುದು, ಬೋರಿಂಗ್, ಚಕ್ರದ ಕಡ್ಡಿ ಕಟ್ಟಿ ನೇರಗೊಳಿಸುವುದು, ಬ್ರೇಕ್ ಶೂಗೆ ಹೊಸ ಲೈನಿಂಗ್ ಅಂಟಿಸುವುದು ಇವು ಉಪಕರಣ ಮತ್ತು ಅನುಭವ ಎರಡೂ ಇರುವವರ ಪಾಲಿನವು. ಚಾಸಿಗೆ ಬೆಸುಗೆ ಹಾಕುವುದು, ಎಂಜಿನ್ ಅಥವಾ ಚಾಸಿ ಸಂಖ್ಯೆಯ ಮೇಲೆ ಅರ ಆಡಿಸುವುದು ಇವು ಯಾರ ಪಾಲಿನವೂ ಅಲ್ಲ. ಷಟ್ಪಥದ ಹೆದ್ದಾರಿಯಲ್ಲಿ ಇಂದು ಓಡುವ ಲಾರಿ, ಬಸ್ಸುಗಳ ವೇಗಕ್ಕೆ ಐವತ್ತು ವರ್ಷ ಹಿಂದಿನ ಡ್ರಮ್ ಬ್ರೇಕ್ ರೂಪುಗೊಂಡದ್ದಲ್ಲ. ಅಂತಹ ಬ್ರೇಕಿಗೆ ಕಳಪೆ ಲೈನಿಂಗ್ ಹಾಕಿ ಉಳಿಸಿದ ನೂರು ರೂಪಾಯಿಯನ್ನು ಯಾವ ಖಾತೆಗೂ ಲಾಭವೆಂದು ಬರೆಯಲಾಗದು.

ಮಾರ್ಪಾಡುಗಳಲ್ಲೂ ಕೆಲವು ಸದುದ್ದೇಶದವು ಇರುತ್ತವೆ ಎಂಬುದನ್ನು ಒಪ್ಪಬೇಕು. 6 ವೋಲ್ಟಿನ ಮಂದ ದೀಪವನ್ನು 12 ವೋಲ್ಟಿಗೆ ಬದಲಿಸಿದವನು ಇರುಳಿನ ಅಪಾಯವನ್ನು ಕಡಿಮೆ ಮಾಡಿಕೊಂಡಿರುತ್ತಾನೆ. ಆದರೆ ಅಲ್ಲಿಗೇ ನಿಲ್ಲದೆ ಎದುರಿನವನ ಕಣ್ಣು ಕುಕ್ಕುವ ದೀಪ ಹಾಕಿದರೆ ತನ್ನ ಅಪಾಯವನ್ನು ಇನ್ನೊಬ್ಬರ ಖಾತೆಗೆ ವರ್ಗಾಯಿಸಿದಂತೆ. ಸೈಲೆನ್ಸರಿನ ವಿಷಯದಲ್ಲಂತೂ ಲಾಭದ ನೆಪವೂ ಇಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಕೊಳವೆಯಿಂದ ಹಿಂದಿರುಗುವ ಒತ್ತಡವೇ ಹೊಸ ಮಿಶ್ರಣ ಹೊರಗೆ ಸೋರದಂತೆ ತಡೆಯುತ್ತದೆ. ಒಳಕೊಳವೆ ಕಿತ್ತರೆ ಸದ್ದು ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ, ಪೆಟ್ರೋಲ್ ಪೋಲಾಗುತ್ತದೆ.

ಕಾನೂನಿನ ಗೆರೆ

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಎಂಜಿನ್ ಬದಲಿಸಲೇಬೇಕಾದಾಗ ನೋಂದಣಿ ಪ್ರಾಧಿಕಾರದ ಅನುಮತಿಯ ದಾರಿಯಿದೆ. ಮೊದಲೇ ಅರ್ಜಿ ಹಾಕುವುದು ಅನಂತರ ಅಲೆಯುವುದಕ್ಕಿಂತ ಅಗ್ಗ.

ಇದಕ್ಕೆ ಪ್ರತಿಯಾಗಿ ಮೂಲರೂಪವನ್ನು ಕಾಯ್ದುಕೊಂಡವರಿಗೆ ಕಾನೂನು ಗೌರವವನ್ನೂ ಕೊಟ್ಟಿದೆ. 2021ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲೇ ಇರುವ ವಾಹನಗಳನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಬಹುದು. ಚಾಸಿ, ಮೈಕಟ್ಟು, ಎಂಜಿನ್ನುಗಳನ್ನು ಗಣನೀಯವಾಗಿ ಬದಲಿಸಿದ್ದರೆ ಈ ಅವಕಾಶವಿಲ್ಲ. ಈ ವರ್ಗದ ವಾಹನವನ್ನು ದಿನನಿತ್ಯದ ಅಥವಾ ವಾಣಿಜ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬ ನಿರ್ಬಂಧವೂ ಇದೆ. ಆದ್ದರಿಂದ ಬಳಕೆಯ ಉದ್ದೇಶವನ್ನು ಮೊದಲು ನಿರ್ಧರಿಸಿಕೊಳ್ಳುವುದು ಒಳಿತು. ಮೈಸೂರಿನಿಂದ ಹೊರಬಂದ ಮೊದಲ ತಲೆಮಾರಿನ ಜಾವಾಗಳು ಈಗಾಗಲೇ ಆ ವಯಸ್ಸು ದಾಟಿವೆ. ಇಂದು ಅವುಗಳ ಚಾಸಿಯನ್ನು ಕತ್ತರಿಸುವವನು ಆ ಅರ್ಹತೆಯನ್ನೂ ಕತ್ತರಿಸುತ್ತಿರುತ್ತಾನೆ.

ಉಳಿದ ಹಳೆಯ ವಾಹನಗಳಿಗೆ 15 ವರ್ಷಗಳ ಅನಂತರ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಕಡ್ಡಾಯ. 2025ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯು 20 ವರ್ಷ ಮೀರಿದ ಮೋಟಾರ್ ಸೈಕಲ್ಲುಗಳ ನವೀಕರಣ ಶುಲ್ಕವನ್ನು 2,000 ರೂಪಾಯಿಗೆ ಏರಿಸಿತು. ರಾಜ್ಯದ ಹಸಿರು ತೆರಿಗೆ ಇದಕ್ಕೆ ಹೊರತು. ಹಳೆಯ ವಾಹನವನ್ನು ಇಟ್ಟುಕೊಳ್ಳುವವರು ಇದನ್ನೂ ವಾರ್ಷಿಕ ವೆಚ್ಚದಲ್ಲಿ ಹಂಚಿ ಬರೆಯಬೇಕು. ವಿಮೆಯ ಪ್ರಸ್ತಾವನೆಯಲ್ಲಿ ಮಾರ್ಪಾಡುಗಳನ್ನು ಮುಚ್ಚಿಟ್ಟರೆ ಹಾನಿಯ ಪರಿಹಾರ ಕೇಳುವ ದಿನ ತೊಡಕಾಗುವುದು ನಿಶ್ಚಿತ.

ಪೆಟ್ರೋಲಿನಲ್ಲಿ ಬಂದ ಬದಲಾವಣೆ

ಮಾಲೀಕನು ಏನೂ ಮಾಡದಿದ್ದರೂ ವಾಹನಕ್ಕೊಂದು ಬದಲಾವಣೆ ಬಂದೊದಗಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲು 2025ರ ವೇಳೆಗೆ ದೇಶದಾದ್ಯಂತ ವ್ಯಾಪಿಸಿತು. ಹಾವೇರಿ ಜಿಲ್ಲೆಯ ರೈತರಿಗೆ ಇದು ಸಂತಸದ ಸಂಗತಿ. ಇಲ್ಲಿನ ಮುಖ್ಯ ಬೆಳೆಯಾದ ಮೆಕ್ಕೆಜೋಳವು ಎಥನಾಲಿನ ಪ್ರಮುಖ ಕಚ್ಚಾವಸ್ತುಗಳಲ್ಲೊಂದು. ಆದರೆ ಹಳೆಯ ವಾಹನದ ರಬ್ಬರ್ ಕೊಳವೆ, ವಾಷರ್, ಸೀಲುಗಳು ಎಥನಾಲನ್ನು ಗಮನದಲ್ಲಿಟ್ಟು ತಯಾರಾದವಲ್ಲ. ಎಥನಾಲು ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ವಾಹನದ ಟ್ಯಾಂಕಿನಲ್ಲಿ ತುಕ್ಕಿನ ಭಯವಿದೆ. ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುವ ಸಾಧ್ಯತೆಯೂ ಇದೆ.

ಆದ್ದರಿಂದ ಎಥನಾಲು ತಾಳುವ ಕೊಳವೆ ಮತ್ತು ಸೀಲು ಹಾಕಿಸುವುದು, ತಿಳಿದವರಿಂದ ಜೆಟ್ ಸರಿಹೊಂದಿಸಿಕೊಳ್ಳುವುದು, ನಿಲ್ಲಿಸುವ ಮುನ್ನ ಟ್ಯಾಂಕ್ ಖಾಲಿ ಮಾಡುವುದು ವಿವೇಕದ ಕ್ರಮಗಳು. ಭಾಗ ಹೊಸದಾದರೂ ಇವು ದುರಸ್ತಿಯ ಖಾತೆಗೇ ಸೇರುತ್ತವೆ. ಏಕೆಂದರೆ ಎಂಜಿನ್ ತನ್ನ ಮೂಲ ಕೆಲಸವನ್ನು ಮುಂದುವರಿಸಲಿ ಎಂಬುದೇ ಇಲ್ಲಿನ ಉದ್ದೇಶ.

ಪೇಟೆಗೆ ಇದರಿಂದ ಏನು?

ಮಾಲೀಕರೇ ದುರಸ್ತಿಗೆ ಇಳಿದರೆ ಗ್ಯಾರೇಜುಗಳ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬ ಶಂಕೆ ಸಹಜ. ವಾಸ್ತವ ಇದಕ್ಕೆ ವಿರುದ್ಧ. ಮೂಲೆಯಲ್ಲಿ ತುಕ್ಕು ಹಿಡಿದ ವಾಹನದಿಂದ ಗ್ಯಾರೇಜಿಗೆ ಬಿಡಿಗಾಸೂ ಬರುವುದಿಲ್ಲ. ಅದನ್ನು ಓಡಿಸಹೊರಟ ಮಾಲೀಕನು ಲೇತಿನವನಿಗೆ, ಬಣ್ಣದವನಿಗೆ, ಸೀಟು ಹೊಲಿಯುವವನಿಗೆ, ಬಿಡಿಭಾಗದ ಅಂಗಡಿಗೆ ಕೆಲಸ ತರುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲೆ ಜಿ.ಎಸ್.ಟಿ. ದರವು ಏಕರೂಪವಾಗಿ ಶೇ. 18 ಆಗಿದೆ, ಅದಕ್ಕೂ ಮೊದಲು ಅನೇಕ ಭಾಗಗಳಿಗೆ ಶೇ. 28 ಇತ್ತು. ಬಿಲ್ಲಿಲ್ಲದೆ ಕೊಳ್ಳುವ ಆಮಿಷ ಈಗ ಅಷ್ಟರಮಟ್ಟಿಗೆ ತಗ್ಗಬೇಕು. ಬಿಲ್ಲಿಲ್ಲದ ಭಾಗ ನಕಲಿಯಾಗಿದ್ದರೆ ಕೇಳಲು ಯಾರೂ ಇರುವುದಿಲ್ಲ.

ದುರಸ್ತಿಯ ಹಕ್ಕಿನ ಬಗ್ಗೆ ದೇಶದಲ್ಲಿ ಚರ್ಚೆ ನಡೆದೇ ಇದೆ. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ ಮತ್ತು ಮಾಹಿತಿ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ತಯಾರಕರಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತ್ತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿ ಹಕ್ಕಿಗೆ ಸಮಿತಿ ರಚಿಸಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಆದರೆ ಮುಚ್ಚಿಹೋದ ಕಾರ್ಖಾನೆಯ ವಾಹನಕ್ಕೆ ಹಕ್ಕನ್ನು ಯಾರ ಬಳಿ ಕೇಳುವುದು? ಅಲ್ಲಿ ಊರಿನ ಕೈಚಳಕವೊಂದೇ ಆಧಾರ.

ಆ ಆಧಾರವೇ ಈಗ ಅಪಾಯದಲ್ಲಿದೆ. ಹಳೆಯ ಎಂಜಿನ್ನುಗಳನ್ನು ಕಿವಿಯಿಂದಲೇ ಗುರುತಿಸಬಲ್ಲ ಮಿಸ್ತ್ರಿಗಳಿಗೆ ವಯಸ್ಸಾಗಿದೆ. ಯಾವ ಬುಷ್ಷಿಗೆ ಎಷ್ಟು ಸಡಿಲ ಬಿಡಬೇಕು, ಯಾವ ವಾಹನದ ಬೇರಿಂಗ್ ಯಾವುದಕ್ಕೆ ಹೊಂದುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿದೆಯೇ ಹೊರತು ಯಾವ ವಹಿಯಲ್ಲೂ ಇಲ್ಲ. ಅಂಗಡಿಯ ಯಜಮಾನನು ಬಾಕಿಪಟ್ಟಿ ಬರೆದಿಡದೆ ತೀರಿಕೊಂಡರೆ ವಾರಸುದಾರರಿಗೆ ಆಗುವ ನಷ್ಟವೇ ಇಲ್ಲಿ ಊರಿಗೆಲ್ಲ ಆಗಲಿದೆ.

ಮಾಡಬಹುದಾದ ಕೆಲಸ

ಮಾಲೀಕರು ಮೊದಲು ಒಂದು ನೂರು ಪುಟದ ವಹಿ ಇಡಲಿ. ದಿನಾಂಕ, ಓಡಿದ ಕಿಲೋಮೀಟರ್, ಬದಲಿಸಿದ ಭಾಗ, ಅಳತೆ, ಬೆಲೆ, ಕೊಂಡ ಸ್ಥಳ ಇಷ್ಟು ಬರೆದರೆ ಸಾಕು. ಎಡಪುಟ ದುರಸ್ತಿಗೆ, ಬಲಪುಟ ಮಾರ್ಪಾಡಿಗೆ. ಬಲಪುಟ ತುಂಬುತ್ತಿದ್ದರೆ ಎಚ್ಚರಿಕೆಯ ಗಂಟೆ ಬಾರಿಸಿದೆ ಎಂದೇ ತಿಳಿಯಬೇಕು. ಬಿಚ್ಚಿ ತೆಗೆದ ಮೂಲಭಾಗಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಬೇಕು. ಮುಂದೆ ಅದೇ ಅಳತೆಗೆ ಹೊಸದನ್ನು ಕಡೆಯಲು ಅದೇ ಮಾದರಿಯಾಗುತ್ತದೆ.

ಗ್ಯಾರೇಜುಗಳು ಉದ್ಯಮ್ ನೋಂದಣಿಯತ್ತ ಗಮನ ಹರಿಸಲಿ. ವ್ಯಾಪಾರದ ಜೊತೆಗೆ ವಾಹನ ದುರಸ್ತಿಯನ್ನೂ ಒಳಗೊಂಡ ವರ್ಗಕ್ಕೆ 2021ರ ಜುಲೈನಿಂದ ಈ ನೋಂದಣಿ ಮತ್ತೆ ತೆರೆದಿದ್ದು, ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಅದು ದಾರಿ ಮಾಡಿಕೊಡುತ್ತದೆ. ಒಂದು ಉತ್ತಮ ಬೋರಿಂಗ್ ಯಂತ್ರಕ್ಕೆ ಖಾಸಗಿ ಬಡ್ಡಿಯಲ್ಲಿ ಸಾಲ ಮಾಡುವ ಅಗತ್ಯವಿಲ್ಲ.

ವಾಣಿಜ್ಯ ಸಂಸ್ಥೆಗಳು ಜಿಲ್ಲೆಯ ಕೈಗಾರಿಕಾ ತರಬೇತಿ ಸಂಸ್ಥೆಗಳ ನೆರವಿನಿಂದ ಹಿರಿಯ ಮಿಸ್ತ್ರಿಗಳನ್ನು ವರ್ಷಕ್ಕೊಮ್ಮೆ ಕರೆದು, ಅವರ ಅಳತೆಗಳನ್ನು ಬರೆಯಿಸಿ, ನಕ್ಷೆ ಮಾಡಿಸಿ, ಕಿರಿಯರ ಕೈಗಿಡಬಹುದು. ಇದಕ್ಕೆ ದೊಡ್ಡ ನಿಧಿಯೇನೂ ಬೇಡ. ಒಂದು ಸಭಾಂಗಣ, ಒಂದು ವರ್ನಿಯರ್ ಕ್ಯಾಲಿಪರ್, ಎರಡು ದಿನದ ತಾಳ್ಮೆ ಸಾಕು. ಜಾವಾ, ಯೆಜ್ಡಿಗಳಿಂದ ಆರಂಭವಾದ ಆ ದಾಖಲೆಯು ನಾಳೆ ಹಳೆಯ ಪಂಪ್‌ಸೆಟ್ಟಿಗೂ, ಜಿನ್ನಿಂಗ್ ಯಂತ್ರಕ್ಕೂ ಉಪಯೋಗಕ್ಕೆ ಬಂದೀತು. ಮೈಸೂರಿನ ಕಾರ್ಖಾನೆ ಮುಚ್ಚಿ ಮೂರು ದಶಕಗಳಾಗುತ್ತಾ ಬಂದರೂ ಅದರ ವಾಹನಗಳು ಓಡುತ್ತಿರುವುದು ಅವನ್ನು ಉಳಿಸಿಕೊಂಡ ಕೈಗಳಿಂದ. ಆ ಕೈಗಳ ಲೆಕ್ಕವನ್ನು ಅವರಿರುವಾಗಲೇ ವಹಿಗೆ ಏರಿಸುವುದು ವರ್ತಕ ಬಾಂಧವರ ಕರ್ತವ್ಯ.